ಬಾಡಿಗೆ ಕಾರು, ಎರಡು ಭಾಷೆಯ ದಾರಿ

ಇಂದಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ರಜೆಯಲ್ಲಿ ಪರದೇಶಕ್ಕೆ ಹೋದಾಗ ಅಲ್ಲಿ ಕಾರು ಬಾಡಿಗೆಗೆ ಹಿಡಿದು, ನಾವೇ ಓಡಿಸಿಕೊಂಡು ಊರು ನೋಡುವುದು ಹೇಗೆ ಎಂಬುದು ಇಂದಿನ ವಿಷಯ. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಅಡಿಕೆ ಸುಲಿಯುತ್ತಾ ರೇಡಿಯೋ ಕೇಳುವ ನಮಗೆ ಇದು ಏಕೆ ಬೇಕು ಎಂದು ನೀವು ಕೇಳಬಹುದು. ಬೇಕು. ಹಿಂದೆ ನಮ್ಮ ಮಕ್ಕಳು ಕೊಲ್ಲಿ ದೇಶಗಳಿಗೆ ಹೋಗುತ್ತಿದ್ದರು. ಈಗ ನರ್ಸಿಂಗ್ ಕಲಿತವರು, ಕಂಪ್ಯೂಟರ್ ಕಲಿತವರು, ಮೇಲಿನ ಓದಿಗೆ ಹೋಗುವವರು ಬ್ರಿಟನ್ ದೇಶಕ್ಕೂ ಹೋಗುತ್ತಾರೆ. ಅಲ್ಲಿ ನೆಲೆಯಾದ ಮೇಲೆ ಫೋನು ಬರುತ್ತದೆ: "ಅಪ್ಪ, ಅಮ್ಮ, ಒಮ್ಮೆ ಬನ್ನಿ. ಒಂದು ವಾರ ರಜೆ ಹಾಕುತ್ತೇನೆ. ಕಾರು ಬಾಡಿಗೆಗೆ ತೆಗೆದು ಸುತ್ತಿ ಬರೋಣ." ಆಗ ಆ ಬಾಡಿಗೆ ಕಾಗದಕ್ಕೆ ಸಹಿ ಹಾಕುವವರು ನಿಮ್ಮ ಮಗನೋ ಅಳಿಯನೋ ಆಗಿರಬಹುದು, ನೀವೇ ಆಗಿರಲೂಬಹುದು.

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕುಳಿತವನು ನಾನು. ಸಾಲದ ಕಾಗದ ಮುಂದಿಟ್ಟಾಗ "ಎಲ್ಲಿ ಸಹಿ?" ಎಂದು ಕೇಳುವವರೇ ಹೆಚ್ಚು, "ಏನು ಬರೆದಿದೆ?" ಎಂದು ಕೇಳುವವರು ಕಡಿಮೆ. ಪರದೇಶದ ಕಾರಿನ ಬಾಡಿಗೆಯಲ್ಲಿ ದುಡ್ಡು ಹೋಗುವುದೂ ಇದೇ ಜಾಗದಲ್ಲಿ. ಆದ್ದರಿಂದ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಕಾಗದ ಓದಿ ಸಹಿ ಹಾಕಿ, ಬೋರ್ಡು ಓದಿ ಕಾರು ಓಡಿಸಿ. ಉಳಿದದ್ದೆಲ್ಲ ಇದರ ವಿವರಣೆ.

ಎಲ್ಲ ದೇಶದ ನಿಯಮ ಒಂದೇ ಅಲ್ಲ. ಹಾಗಾಗಿ ಒಂದು ಜಾಗವನ್ನು ಆರಿಸಿಕೊಂಡು ಹೇಳುತ್ತೇನೆ. ಅದು ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ನಾಡು. ಮಗಳು ಅಳಿಯ ಆ ಕಡೆ ಇರುವುದರಿಂದ ಆ ದಾರಿಗಳಲ್ಲಿ ನಾನು ಹೋಗಿಬಂದಿದ್ದೇನೆ. ವೇಲ್ಸ್ ಆರಿಸಲು ಇನ್ನೂ ಒಂದು ಕಾರಣವಿದೆ. ನಮ್ಮ ಊರಿನಂತೆ ಅಲ್ಲಿಯೂ ರಸ್ತೆಯ ಬೋರ್ಡುಗಳು ಎರಡು ಭಾಷೆಯಲ್ಲಿವೆ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಮೊದಲು ಲೈಸೆನ್ಸಿನ ಮಾತು. ಭಾರತದ ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಇದ್ದು ಪ್ರವಾಸಿಯಾಗಿ ಹೋದವರು, ಆ ದೇಶಕ್ಕೆ ಕಾಲಿಟ್ಟ ದಿನದಿಂದ 12 ತಿಂಗಳ ತನಕ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ ಅದೇ ಲೈಸೆನ್ಸಿನಲ್ಲಿ ಕಾರು ಓಡಿಸಬಹುದು. ಇದು ಅಲ್ಲಿನ ಕಾನೂನು. ಆದರೆ ಬಾಡಿಗೆ ಕಂಪನಿಯ ನಿಯಮ ಬೇರೆ ಇರಬಹುದು. ಕೆಲವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ತೋರಿಸಿ ಎನ್ನುತ್ತಾರೆ. ಇದನ್ನು ನಮ್ಮ ಆರ್‌ಟಿಓ ಕಚೇರಿಯೇ ಕೊಡುತ್ತದೆ. ಅರ್ಜಿ ನಮೂನೆ 4ಎ, ಶುಲ್ಕ 1000 ರೂಪಾಯಿ, ಅವಧಿ ಒಂದು ವರ್ಷ. 1949 ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವ ಪುಸ್ತಿಕೆ ಇದು. ಮೊದಲು ಒಂದೊಂದು ರಾಜ್ಯದಲ್ಲಿ ಒಂದೊಂದು ರೂಪದಲ್ಲಿತ್ತು. 2022 ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಇಡೀ ದೇಶಕ್ಕೆ ಒಂದೇ ನಮೂನೆ ಮಾಡಿತು. ಪುಸ್ತಿಕೆ ಒಂದನ್ನೇ ಹಿಡಿದು ಹೋದರೆ ಸಾಲದು, ಮೂಲ ಲೈಸೆನ್ಸ್ ಕೂಡ ಜೊತೆಯಲ್ಲಿರಬೇಕು. ಲೈಸೆನ್ಸಿನಲ್ಲಿರುವ ಹೆಸರು, ಪಾಸ್‌ಪೋರ್ಟಿನ ಹೆಸರು, ಕ್ರೆಡಿಟ್ ಕಾರ್ಡಿನ ಹೆಸರು ಮೂರೂ ಹೊಂದುತ್ತವೆಯೇ ಎಂದು ಊರಿನಲ್ಲಿರುವಾಗಲೇ ನೋಡಿಕೊಳ್ಳಿ. ನಮ್ಮಲ್ಲಿ ಮನೆ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ಸಾಮಾನ್ಯ. ಕೌಂಟರಿನಲ್ಲಿ ಅದು ತಕರಾರಾಗುತ್ತದೆ.

ಇಲ್ಲಿ ಹೆತ್ತವರು ಕಿವಿಗೊಟ್ಟು ಕೇಳಬೇಕಾದ ಒಂದು ಮಾತಿದೆ. ಪ್ರವಾಸಿಗೆ ಇರುವ ಅನುಕೂಲ ಅಲ್ಲೇ ವಾಸಿಸುವ ಮಕ್ಕಳಿಗೆ ಇಲ್ಲ. ಕೆಲಸಕ್ಕೋ ಓದಿಗೋ ಹೋಗಿ ಅಲ್ಲಿ ನೆಲೆಸಿದವರು 12 ತಿಂಗಳ ತನಕ ಮಾತ್ರ ಭಾರತದ ಲೈಸೆನ್ಸಿನಲ್ಲಿ ಓಡಿಸಬಹುದು. ಆಮೇಲೆ ಅಲ್ಲಿನ ಪರೀಕ್ಷೆ ಪಾಸು ಮಾಡಿ ಅಲ್ಲಿನ ಲೈಸೆನ್ಸ್ ತೆಗೆಯಬೇಕು. ಕೆಲವು ದೇಶಗಳ ಲೈಸೆನ್ಸನ್ನು ಅವರು ನೇರವಾಗಿ ಬದಲಾಯಿಸಿ ಕೊಡುತ್ತಾರೆ, ಭಾರತ ಆ ಪಟ್ಟಿಯಲ್ಲಿ ಇಲ್ಲ. ಎರಡು ವರ್ಷದಿಂದ ಅಲ್ಲಿರುವ ಮಗ ಊರಿನ ಲೈಸೆನ್ಸ್ ಹಿಡಿದು ಸ್ಟಿಯರಿಂಗ್ ಮುಟ್ಟಿದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದಂತೆ. ಹಾಗೆ ಓಡಿಸಿದಾಗ ವಿಮೆಯೂ ನಿಲ್ಲುವುದಿಲ್ಲ. ವಿಮೆ ಇಲ್ಲದೆ ಓಡಿಸಿದರೆ ಸ್ಥಳದಂಡವೇ 300 ಪೌಂಡ್, ಜೊತೆಗೆ 6 ಪಾಯಿಂಟ್, ಪೊಲೀಸರು ಕಾರನ್ನೂ ಹಿಡಿದಿಡಬಹುದು. ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಇಡೀ ಜೀವನದ ಉಳಿತಾಯ ಕರಗಬಹುದು. ಹಾಗಾಗಿ "ನಿನ್ನ ಲೈಸೆನ್ಸ್ ಯಾವುದು ಮಗಾ? ಎಷ್ಟು ಸಮಯವಾಯಿತು ಹೋಗಿ?" ಎಂದು ಕೇಳುವುದು ಹೆತ್ತವರ ಅತಿ ವಿಚಾರಣೆಯಲ್ಲ.

ಈಗ ಬಾಡಿಗೆಯ ಲೆಕ್ಕ. ಜಾಹೀರಾತಿನಲ್ಲಿ ದಿನಕ್ಕೆ ಇಷ್ಟು ಪೌಂಡ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಅದು ಬರೇ ಕಾರಿನ ದರ. ತಿಳಿವಳಿಕೆಗಾಗಿ ಒಂದು ಲೆಕ್ಕ ಹಾಕೋಣ. ಇದು ಉದಾಹರಣೆ ಮಾತ್ರ, ಯಾವ ಕಂಪನಿಯ ದರವೂ ಅಲ್ಲ. ದಿನಕ್ಕೆ 30 ಪೌಂಡಿನಂತೆ ಏಳು ದಿನಕ್ಕೆ 210. ಹೆಂಡತಿಯೂ ಓಡಿಸುವುದಾದರೆ ಎರಡನೇ ಚಾಲಕರ ಶುಲ್ಕ ದಿನಕ್ಕೆ 10, ಒಟ್ಟು 70. ಮೊಮ್ಮಗುವಿಗೆ ಸೀಟು ದಿನಕ್ಕೆ 8, ಒಟ್ಟು 56. ಕೌಂಟರಿನಲ್ಲಿ ಹೆಚ್ಚುವರಿ ವಿಮೆ ತೆಗೆದುಕೊಳ್ಳಿ ಎಂದರೆ ದಿನಕ್ಕೆ 15, ಒಟ್ಟು 105. ಎಲ್ಲ ಕೂಡಿಸಿದರೆ 441 ಪೌಂಡ್. 210 ಎಂದು ಹೊರಟದ್ದು ಎರಡು ಪಟ್ಟಿಗೂ ಮೇಲಾಯಿತು. ಪೆಟ್ರೋಲು ಇನ್ನೂ ಹಾಕಿಲ್ಲ. ಆದ್ದರಿಂದ ದರ ಕೇಳುವಾಗ "ಎಲ್ಲ ಸೇರಿ ಎಷ್ಟು?" ಎಂದೇ ಕೇಳಬೇಕು. ವಯಸ್ಸಿನ ಷರತ್ತನ್ನೂ ಕೇಳಬೇಕು. 25 ಆಗದ ಹುಡುಗರಿಗೆ ಸಾಮಾನ್ಯವಾಗಿ ಹೆಚ್ಚು ಹಣ ಹಾಕುತ್ತಾರೆ. 70, 75 ದಾಟಿದವರಿಗೆ ಕಾರನ್ನೇ ಕೊಡದ ಕಂಪನಿಗಳೂ ಇವೆ.

ಎರಡನೇ ಚಾಲಕರ ಹೆಸರು ಬರೆಸುವುದು ದುಡ್ಡು ದಂಡ ಎಂದು ತಿಳಿಯಬೇಡಿ. ಕಾಗದದಲ್ಲಿ ಹೆಸರಿಲ್ಲದವರು ಐದು ನಿಮಿಷ ಓಡಿಸಿದರೂ ವಿಮೆಯ ರಕ್ಷಣೆ ಇರುವುದಿಲ್ಲ. ನಮ್ಮೂರಿನಲ್ಲಿ "ನಿನಗೆ ಸುಸ್ತಾದರೆ ನನಗೆ ಕೊಡು" ಎಂದು ಬಾವ ಕಾರು ತೆಗೆದುಕೊಂಡಂತೆ ಅಲ್ಲಿ ಆಗುವುದಿಲ್ಲ.

ವಿಮೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಬಾಡಿಗೆಯಲ್ಲೇ ವಿಮೆ ಸೇರಿದೆ ಎಂದು ಬರೆದಿರುತ್ತದೆ. ಅದು ಸುಳ್ಳಲ್ಲ. ಎದುರಿನವರಿಗೆ ಆಗುವ ನಷ್ಟಕ್ಕೆ ಅಲ್ಲಿ ಕಾನೂನಿನ ಪ್ರಕಾರ ವಿಮೆ ಕಡ್ಡಾಯ. ನೀವು ಹಿಡಿದ ಕಾರಿಗೆ ಆಗುವ ನಷ್ಟಕ್ಕೂ ಒಂದು ರಕ್ಷಣೆ ಇರುತ್ತದೆ. ಆದರೆ ಅದಕ್ಕೊಂದು ಗಡಿ ಇದೆ. ನಷ್ಟದ ಮೊದಲ ಭಾಗವನ್ನು ನೀವೇ ಕೊಡಬೇಕು. ಇದನ್ನು ಅವರು 'ಎಕ್ಸೆಸ್' ಎನ್ನುತ್ತಾರೆ. ಸಾವಿರ ಪೌಂಡ್, ಒಂದೂವರೆ ಸಾವಿರ ಪೌಂಡ್ ಎಕ್ಸೆಸ್ ಇರುವುದು ಅಪರೂಪವಲ್ಲ. ಅಂದರೆ ಬಾಗಿಲಿಗೆ ಗೀರು ಬಿದ್ದು 600 ಪೌಂಡ್ ಖರ್ಚಾದರೆ ಅಷ್ಟೂ ನಿಮ್ಮದೇ. 5000 ಪೌಂಡಿನ ನಷ್ಟವಾದರೆ ಸಾವಿರವೋ ಒಂದೂವರೆ ಸಾವಿರವೋ ನಿಮ್ಮದು, ಉಳಿದದ್ದು ಅವರದು. ಇದಲ್ಲದೆ ಟಯರು, ಗಾಜು, ಕಾರಿನ ಮಾಡು, ಅಡಿಭಾಗ ಇವುಗಳನ್ನು ಅನೇಕ ಕರಾರುಗಳು ಹೊರಗಿಟ್ಟಿರುತ್ತವೆ. ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿದರೆ ಆಗುವ ನಷ್ಟವೂ ಸಾಮಾನ್ಯವಾಗಿ ಸೇರುವುದಿಲ್ಲ.

ಎಕ್ಸೆಸ್ ಹಣಕ್ಕೂ ವಿಮೆ ಮಾಡಬಹುದು. ಎರಡು ದಾರಿ. ಒಂದು, ಬಾಡಿಗೆ ಕಂಪನಿಯ ಕೌಂಟರಿನಲ್ಲೇ ಹೆಚ್ಚು ಕೊಟ್ಟು ಮಾಡಿಸುವುದು. ಇನ್ನೊಂದು, ಬೇರೆ ವಿಮಾ ಕಂಪನಿಯಿಂದ ಮೊದಲೇ ತೆಗೆದುಕೊಳ್ಳುವುದು. ಎರಡನೆಯದು ಸಾಮಾನ್ಯವಾಗಿ ಅಗ್ಗ. ಆದರೆ ಅದರ ರೀತಿ ಬೇರೆ. ನಷ್ಟವಾದಾಗ ಬಾಡಿಗೆ ಕಂಪನಿಗೆ ಮೊದಲು ನೀವು ಹಣ ಕೊಟ್ಟು, ರಸೀದಿ ಹಿಡಿದು, ಆಮೇಲೆ ವಿಮಾ ಕಂಪನಿಯಿಂದ ಪಡೆಯಬೇಕು. ಅದನ್ನು ತೆಗೆದುಕೊಳ್ಳುವ ಮೊದಲು ಭಾರತದಲ್ಲಿ ವಾಸಿಸುವವರಿಗೆ ಕೊಡುತ್ತಾರೆಯೇ ಎಂದು ಕೇಳಿ ನೋಡಿ. ಎರಡೂ ಕಡೆ ಮಾಡಿಸಿ ಎರಡು ಸಲ ದುಡ್ಡು ಕೊಡುವ ಅಗತ್ಯವಿಲ್ಲ.

ಇನ್ನು ಠೇವಣಿ. ಕಾರು ಕೊಡುವಾಗ ಕಂಪನಿಯವರು ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಇಷ್ಟು ಹಣ ಎಂದು ತಡೆಹಿಡಿಯುತ್ತಾರೆ. ಹಣ ಹೋಗುವುದಿಲ್ಲ, ಆದರೆ ಅಷ್ಟು ಮೊತ್ತ ನಿಮಗೆ ಬಳಸಲು ಸಿಗುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಎಫ್.ಡಿ. ಮೇಲೆ ಸಾಲ ತೆಗೆದರೆ ರಸೀದಿ ನಿಮ್ಮ ಹೆಸರಿನಲ್ಲೇ ಇರುತ್ತದೆ, ಬಿಡಿಸಿಕೊಳ್ಳಲು ಮಾತ್ರ ಆಗುವುದಿಲ್ಲವಲ್ಲ, ಅದೇ ರೀತಿ. ಕಾರು ಮರಳಿಸಿ ಕೆಲವು ದಿನ ಕಳೆದ ಮೇಲೆ ಆ ತಡೆ ಬಿಡುತ್ತದೆ. ಆದ್ದರಿಂದ ಕಾರ್ಡಿನ ಮಿತಿ 1 ಲಕ್ಷ ರೂಪಾಯಿ ಇದ್ದು, ಠೇವಣಿಗೇ ಅಷ್ಟೂ ಹೋದರೆ, ಹೋಟೆಲಿಗೆ ಕೊಡಲು ಏನೂ ಉಳಿಯುವುದಿಲ್ಲ. ಕಾರ್ಡು ಮುಖ್ಯ ಚಾಲಕನ ಹೆಸರಿನಲ್ಲೇ ಇರಬೇಕು ಎಂಬುದು ಸಾಮಾನ್ಯ ನಿಯಮ. ಮಗಳ ಕಾರ್ಡು, ಅಳಿಯನ ಸಹಿ ನಡೆಯುವುದಿಲ್ಲ. ಡೆಬಿಟ್ ಕಾರ್ಡನ್ನು ಕೆಲವರು ಒಪ್ಪುವುದಿಲ್ಲ. ಮೊದಲೇ ಹಣ ತುಂಬಿಸಿದ ಫಾರೆಕ್ಸ್ ಕಾರ್ಡನ್ನು ಠೇವಣಿಗೆ ಒಪ್ಪದವರೇ ಹೆಚ್ಚು.

ಇನ್ನೆರಡು ಬ್ಯಾಂಕಿನ ಮಾತು. ರಿಸರ್ವ್ ಬ್ಯಾಂಕಿನ 2020 ರ ಆದೇಶದ ಮೇಲೆ ಕೊಡುವ ಹೊಸ ಕಾರ್ಡುಗಳಲ್ಲಿ ವಿದೇಶದ ವ್ಯವಹಾರ ಮುಚ್ಚಿಯೇ ಇರುತ್ತದೆ. ಗ್ರಾಹಕರೇ ಅದನ್ನು ತೆರೆಯಿಸಬೇಕು. ಹೊರಡುವ ಮೊದಲು ಮಾಡಿಕೊಳ್ಳಿ. ಎರಡನೆಯದಾಗಿ, ಅಲ್ಲಿ ಕಾರ್ಡು ಉಜ್ಜಿದಾಗ ಯಂತ್ರ ಕೇಳುತ್ತದೆ, ಪೌಂಡಿನಲ್ಲಿ ಕೊಡುತ್ತೀರೋ ರೂಪಾಯಿಯಲ್ಲಿ ಕೊಡುತ್ತೀರೋ ಎಂದು. ನಮ್ಮ ರೂಪಾಯಿ ಕಂಡು ಖುಷಿಪಡಬೇಡಿ. ರೂಪಾಯಿ ಎಂದರೆ ಆ ಅಂಗಡಿಯವರ ಕಡೆಯ ವಿನಿಮಯ ದರ ಬೀಳುತ್ತದೆ, ಅದು ಸಾಮಾನ್ಯವಾಗಿ ದುಬಾರಿ. ಪೌಂಡ್ ಎಂದೇ ಒತ್ತಿ.

ಈಗ ಕಾರನ್ನು ಕೈಗೆ ತೆಗೆದುಕೊಳ್ಳುವ ಹೊತ್ತು. ಬ್ಯಾಂಕಿನಲ್ಲಿ ಚಿನ್ನ ಅಡವಿಡುವಾಗ ಏನು ಮಾಡುತ್ತೇವೆ? ಸರಾಫರು ನಮ್ಮ ಕಣ್ಣೆದುರೇ ತೂಗುತ್ತಾರೆ, ಬಳೆ ಎಷ್ಟು, ಸರ ಎಷ್ಟು, ಎಲ್ಲಿ ಬಾಗಿದೆ, ಯಾವ ಕೊಂಡಿ ಮುರಿದಿದೆ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಬಿಡಿಸಿಕೊಳ್ಳುವಾಗ ಆ ಚೀಟಿಯೇ ಸಾಕ್ಷಿ. ಕಾರಿಗೂ ಹಾಗೆಯೇ ಮಾಡಿ. ಅವರು ಕೊಡುವ ಕಾಗದದಲ್ಲಿ ಕಾರಿನ ಚಿತ್ರ ಇರುತ್ತದೆ, ಹಳೆಯ ಗೀರುಗಳನ್ನು ಅದರಲ್ಲಿ ಗುರುತು ಹಾಕಿರುತ್ತಾರೆ. ಕಾರಿನ ಸುತ್ತ ಒಂದು ಸುತ್ತು ಬನ್ನಿ. ಗುರುತು ಹಾಕದ ಗೀರು ಕಂಡರೆ ಅಲ್ಲೇ ಬರೆಸಿ. ನಾಲ್ಕು ಚಕ್ರ, ಗಾಜು, ಎಣ್ಣೆಯ ಮುಳ್ಳು, ಓಡಿದ ಮೈಲಿ ಎಲ್ಲದರ ಫೋಟೋ ತೆಗೆದಿಡಿ. ಮಳೆ ಬರುತ್ತಿದೆ, ಕತ್ತಲಾಗಿದೆ ಎಂದು ಬಿಡಬೇಡಿ. ಮರಳಿಸುವಾಗಲೂ ಇದೇ ಕೆಲಸ. ಕಚೇರಿ ಮುಚ್ಚಿದ ಮೇಲೆ ಬೀಗದ ಕೈಯನ್ನು ಪೆಟ್ಟಿಗೆಗೆ ಹಾಕಿ ಹೋಗುವ ವ್ಯವಸ್ಥೆ ಇರುತ್ತದೆ. ಆದರೆ ಅವರು ಮರುದಿನ ನೋಡುವ ತನಕ ಜವಾಬ್ದಾರಿ ನಿಮ್ಮದೇ ಎಂದು ಕರಾರಿನಲ್ಲಿ ಬರೆದಿರುವುದುಂಟು. ಸಾಧ್ಯವಾದಷ್ಟು ಕಚೇರಿ ತೆರೆದಿರುವಾಗಲೇ ಮರಳಿಸಿ, ಸರಿ ಇದೆ ಎಂದು ಬರೆಸಿಕೊಂಡು ಬನ್ನಿ.

ನಮ್ಮ ಪರಿಚಯದ ಒಬ್ಬ ಹುಡುಗ ಹೀಗೆ ಕಾರು ಮರಳಿಸಿ ಊರಿಗೆ ಬಂದ ಎರಡು ವಾರದ ಮೇಲೆ, ಚಕ್ರದ ರಿಮ್ಮಿಗೆ ಗೀರು ಬಿದ್ದಿದೆ ಎಂದು ಕಂಪನಿಯಿಂದ ಹಣ ಕೇಳಿ ಕಾಗದ ಬಂತು. ಕಾರು ಪಡೆದ ದಿನದ ಫೋಟೋದಲ್ಲಿ ಅದೇ ಗೀರು ಇತ್ತು, ತಾರೀಕೂ ಇತ್ತು. ಕಳುಹಿಸಿದ, ಬೇಡಿಕೆ ನಿಂತಿತು. ಫೋಟೋ ಇಲ್ಲದಿದ್ದರೆ ಅವನ ಮಾತಿಗೆ ಸಾಕ್ಷಿ ಯಾರು?

ಇನ್ನು ದಾರಿಗೆ ಬರೋಣ. ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನದಲ್ಲಿ ಹತ್ತು ಗಂಟೆಯ ಹೊತ್ತು. ಇಳಿದ ಕೂಡಲೇ ಹೀಥ್ರೂ ನಿಲ್ದಾಣದಲ್ಲಿ ಕಾರು ತೆಗೆದು ಹೊರಡುವವರಿದ್ದಾರೆ. ನಿದ್ದೆಗೆಟ್ಟ ಕಣ್ಣಿನಲ್ಲಿ ಹೊಸ ದೇಶದ ಹೆದ್ದಾರಿಗೆ ಇಳಿಯುವುದು ಬೇಡ. ರೈಲಿನಲ್ಲೋ ಬಸ್ಸಿನಲ್ಲೋ ವೇಲ್ಸಿನ ರಾಜಧಾನಿ ಕಾರ್ಡಿಫ್ ತನಕ ಹೋಗಿ, ಒಂದು ರಾತ್ರಿ ಮಲಗಿ, ಮರುದಿನ ಅಲ್ಲೇ ಕಾರು ಹಿಡಿಯಿರಿ. ಲಂಡನ್ ನಗರದ ನಡುಭಾಗಕ್ಕೆ ಕಾರು ತಂದರೆ ಕೊಡಬೇಕಾದ ದಿನದ ಶುಲ್ಕವೂ ಉಳಿಯುತ್ತದೆ.

ನೀವು ಬಸ್ಸಿನಲ್ಲಿ ಹೋದರೆ ಎಂ-4 ಹೆದ್ದಾರಿಯಲ್ಲಿ ಸೆವರ್ನ್ ನದಿಯ ಅಳಿವೆ ದಾಟಿ ವೇಲ್ಸ್ ಸೇರುತ್ತೀರಿ. ಅಲ್ಲಿ ಎರಡು ದೊಡ್ಡ ಸೇತುವೆಗಳಿವೆ, ಒಂದು 1966 ರಲ್ಲಿ, ಇನ್ನೊಂದು 1996 ರಲ್ಲಿ ತೆರೆದದ್ದು. ಹಿಂದೆ ಸುಂಕ ಇತ್ತು, 2018 ರ ಡಿಸೆಂಬರಿನಲ್ಲಿ ತೆಗೆದುಹಾಕಿದರು. ನಮ್ಮ ತಲಪಾಡಿಯಂತೆ ಅದೂ ಒಂದು ಗಡಿ. ಆದರೆ ಚೆಕ್‌ಪೋಸ್ಟ್ ಇಲ್ಲ, ಯಾರೂ ನಿಲ್ಲಿಸುವುದಿಲ್ಲ. ಗಡಿ ದಾಟಿದ್ದು ನಿಮಗೆ ಗೊತ್ತಾಗುವುದು ಬೋರ್ಡಿನಿಂದ. ಒಂದು ಭಾಷೆ ಇದ್ದಲ್ಲಿ ಎರಡು ಭಾಷೆ ಕಾಣಲು ತೊಡಗುತ್ತದೆ.

ಬೋರ್ಡಿನ ಮಾತಿಗೆ ಮೊದಲು ಚಾಲನೆಯ ಮಾತು ಮುಗಿಸುತ್ತೇನೆ. ಅಲ್ಲಿಯೂ ನಮ್ಮಂತೆ ಎಡಬದಿ, ಸ್ಟಿಯರಿಂಗ್ ಬಲಗಡೆ. ಇದು ದೊಡ್ಡ ಅನುಕೂಲ. ಆದರೆ ಎಲ್ಲವೂ ನಮ್ಮಂತೆಯೇ ಎಂದು ತಿಳಿಯುವುದು ಅಪಾಯ. ವೇಗದ ಲೆಕ್ಕ ಮೈಲಿಯಲ್ಲಿ. ಬೋರ್ಡಿನಲ್ಲಿ 30 ಎಂದಿದ್ದರೆ ಅದು 48 ಕಿಲೋಮೀಟರ್. ಎಣ್ಣೆ ಮಾತ್ರ ಲೀಟರಿನಲ್ಲಿ. ವೇಲ್ಸಿನ ಊರೊಳಗೆ, ಬೀದಿದೀಪ ಹತ್ತಿರ ಹತ್ತಿರ ಇರುವ ರಸ್ತೆಗಳಲ್ಲಿ, 2023 ರ ಸೆಪ್ಟೆಂಬರ್ 17 ರಿಂದ ಸಾಮಾನ್ಯ ಮಿತಿ 20 ಮೈಲಿ, ಅಂದರೆ 32 ಕಿಲೋಮೀಟರ್. ಬೇರೆ ಮಿತಿ ಇದ್ದಲ್ಲಿ ಬೋರ್ಡು ಇರುತ್ತದೆ. ಬಿಳಿ ವೃತ್ತಕ್ಕೆ ಅಡ್ಡಲಾಗಿ ಕಪ್ಪು ಗೀಟು ಇರುವ ಬೋರ್ಡು ಕಂಡರೆ ಮಿತಿಯೇ ಇಲ್ಲ ಎಂದು ಅರ್ಥವಲ್ಲ. ಕಾರುಗಳಿಗೆ ನಡುವೆ ವಿಭಜಕ ಇಲ್ಲದ ರಸ್ತೆಯಲ್ಲಿ 60 ಮೈಲಿ, ವಿಭಜಕ ಇರುವ ರಸ್ತೆಯಲ್ಲಿ 70 ಮೈಲಿ ಎಂದು ಅರ್ಥ.

ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಮ್ಮಲ್ಲಿ ಯಾರು ಮೊದಲು ಮೂತಿ ತೂರಿಸುತ್ತಾರೋ ಅವರದ್ದು ದಾರಿ, ಅಲ್ಲಿ ಹಾಗಿಲ್ಲ. ಕೆಂಪು ದೀಪವಿದ್ದರೆ ಎಡಕ್ಕೆ ತಿರುಗುವವರೂ ನಿಲ್ಲಬೇಕು. ನಮ್ಮ ಪೇಟೆಗಳ 'ಫ್ರೀ ಲೆಫ್ಟ್' ಅಲ್ಲಿ ಇಲ್ಲ. ಜೀಬ್ರಾ ಪಟ್ಟಿಯ ಬಳಿ ದಾಟಲು ಕಾಯುತ್ತಾ ನಿಂತವರಿಗೂ ನಿಲ್ಲಬೇಕು ಎಂದು 2022 ರ ಜನವರಿಯಲ್ಲಿ ನಿಯಮ ತಿದ್ದಿದ್ದಾರೆ. ನಮ್ಮಲ್ಲಿ ಎದುರಿನ ಗಾಡಿ ಲೈಟು ಮಿನುಗಿಸಿದರೆ "ನಾನು ಬರುತ್ತಿದ್ದೇನೆ, ನಿಲ್ಲು" ಎಂದು ಅರ್ಥ. ಅಲ್ಲಿ ಅನೇಕರು "ನೀವು ಹೋಗಿ" ಎನ್ನಲು ಮಿನುಗಿಸುತ್ತಾರೆ. ಯಾವುದನ್ನೂ ನಂಬದೆ ಕಣ್ಣಿನಲ್ಲಿ ನೋಡಿಯೇ ಹೊರಡಿ. ಹಾರ್ನ್ ಒತ್ತುವ ಅಭ್ಯಾಸವನ್ನು ಮಂಗಳೂರು ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗಿ. ಊರೊಳಗೆ ರಾತ್ರಿ ಹನ್ನೊಂದೂವರೆಯಿಂದ ಬೆಳಗ್ಗೆ ಏಳರ ತನಕ ಹಾರ್ನ್ ಹಾಕುವಂತೆಯೇ ಇಲ್ಲ.

ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿಯೂ ಬೆಲ್ಟ್ ಹಾಕಬೇಕು. ಮಕ್ಕಳಿಗೆ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲು ಆಗುತ್ತದೋ ಅಲ್ಲಿಯ ತನಕ ಅವರಿಗೆಂದೇ ಇರುವ ಸೀಟು ಬೇಕು. ಮಡಿಲಿನಲ್ಲಿ ಕೂರಿಸಿಕೊಳ್ಳುವಂತಿಲ್ಲ. ಓಡಿಸುವಾಗ ಕೈಯಲ್ಲಿ ಫೋನು ಹಿಡಿದರೆ ದಂಡ 200 ಪೌಂಡ್, ಜೊತೆಗೆ 6 ಪಾಯಿಂಟ್. ಕ್ಯಾಮರಾಕ್ಕೆ ಸಿಕ್ಕಿಬಿದ್ದ ಕಾಗದ ಮೊದಲು ಬಾಡಿಗೆ ಕಂಪನಿಗೆ ಹೋಗುತ್ತದೆ. ಅವರು ನಿಮ್ಮ ಹೆಸರು ವಿಳಾಸ ಕೊಟ್ಟು, ಆ ಕೆಲಸಕ್ಕೆಂದು ನಿಮ್ಮ ಕಾರ್ಡಿನಿಂದ ಬೇರೆ ಶುಲ್ಕವನ್ನೂ ತೆಗೆದುಕೊಳ್ಳುವುದುಂಟು. ದಂಡ ಬೇರೆ, ಈ ಶುಲ್ಕ ಬೇರೆ.

ಪೆಟ್ರೋಲ್ ಬಂಕಿನಲ್ಲಿ ಹಾಕಿಕೊಡುವ ಹುಡುಗ ಇರುವುದಿಲ್ಲ. ನಾವೇ ಇಳಿದು ಹಾಕಿಕೊಂಡು ಹಣ ಕೊಡಬೇಕು. ಸಾಮಾನ್ಯವಾಗಿ ಹಸಿರು ಹಿಡಿಯ ಪೈಪು ಪೆಟ್ರೋಲು, ಕಪ್ಪು ಹಿಡಿಯದ್ದು ಡೀಸೆಲ್. ಆದರೂ ಹಿಡಿಯ ಬಣ್ಣ ನೋಡಿ ಸುಮ್ಮನಾಗದೆ, ಮೇಲೆ ಬರೆದದ್ದನ್ನೂ ಕಾರಿನ ಮುಚ್ಚಳದ ಒಳಗೆ ಬರೆದದ್ದನ್ನೂ ಓದಿ. ಅಪಘಾತವಾದರೆ ನಿಲ್ಲಿಸದೆ ಹೋಗುವುದು ಅಪರಾಧ. ತುರ್ತು ಸಂಖ್ಯೆ 999. ನಮ್ಮ 112 ಅಲ್ಲಿಯೂ ನಡೆಯುತ್ತದೆ.

ಈಗ ನನಗೆ ಇಷ್ಟದ ಭಾಗಕ್ಕೆ ಬಂದೆ. ಕಾರ್ಡಿಫ್‌ನಿಂದ ಉತ್ತರದ ಲಾಂಡಿಡ್ನೋ ಎಂಬ ಕಡಲತೀರದ ಊರಿನ ತನಕ ಎ-470 ಎಂಬ ರಸ್ತೆ ಇದೆ. ಉದ್ದ ಸುಮಾರು 186 ಮೈಲಿ, ಅಂದರೆ ಹತ್ತಿರ ಹತ್ತಿರ 300 ಕಿಲೋಮೀಟರ್. ಇಡೀ ವೇಲ್ಸನ್ನು ತೆಂಕಿನಿಂದ ಬಡಗಿಗೆ ಸೀಳಿ ಹೋಗುವ ದಾರಿ. ಹಳೆಯ ಕಲ್ಲಿದ್ದಲಿನ ಕಣಿವೆಗಳು, ಕುರಿ ಮೇಯುವ ಬೋಳು ಗುಡ್ಡಗಳು, ಬ್ಲೈನೈ ಫೆಸ್ಟಿನಿಯೋಗ್ ಎಂಬಲ್ಲಿ ಮಾಡಿಗೆ ಹೊದಿಸುವ ಸ್ಲೇಟ್ ಕಲ್ಲಿನ ರಾಶಿಗಳು ಸಿಗುತ್ತವೆ. ವಾಯವ್ಯ ವೇಲ್ಸಿನ ಈ ಸ್ಲೇಟ್ ಪ್ರದೇಶವನ್ನು ಯುನೆಸ್ಕೋ 2021 ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೇ ದಿನದಲ್ಲಿ ಓಡಿ ಮುಗಿಸಬಹುದು. ಆದರೆ ನೋಡಬೇಕೆಂದರೆ ಮೂರು ದಿನ ಇಡಿ.

ಈ ದಾರಿಯಲ್ಲಿ ರಸ್ತೆಯ ಮೇಲೆಯೇ ದೊಡ್ಡದಾಗಿ ಎರಡು ಪದ ಬರೆದಿರುತ್ತದೆ. ಒಂದು ಇಂಗ್ಲಿಷಿನ 'ಸ್ಲೋ'. ಇನ್ನೊಂದು 'ಅರಾವ್'. ಬರೆಯುವುದು ಇಂಗ್ಲಿಷಿನ ಎಫ್ ಅಕ್ಷರದಲ್ಲಿ, ಆದರೆ ವೇಲ್ಸಿನ ಭಾಷೆಯಲ್ಲಿ ಆ ಒಂಟಿ ಅಕ್ಷರವನ್ನು 'ವ' ಎಂದು ಓದಬೇಕು. ಅರಾವ್ ಎಂದರೆ ನಿಧಾನ. ನಮ್ಮಲ್ಲಿ 'ನಿಧಾನವಾಗಿ ಚಲಿಸಿ' ಮತ್ತು 'ಪತುಕ್ಕೆ ಪೋವುಕ' ಇದ್ದಂತೆ. 'ಡಿಮ್ ಪಾರ್ಕ್ಯೋ' ಎಂದಿದ್ದರೆ ಗಾಡಿ ನಿಲ್ಲಿಸಬೇಡಿ. 'ಮಾಯ್ಸ್ ಪಾರ್ಕ್ಯೋ' ಎಂದರೆ ಗಾಡಿ ನಿಲ್ಲಿಸುವ ಜಾಗ. ಊರುಗಳಿಗೆ ಎರಡೆರಡು ಹೆಸರು. ಸ್ವಾನ್ಸೀ ಎಂಬ ಪೇಟೆಗೆ ಅವರ ಭಾಷೆಯಲ್ಲಿ ಅಬರ್‌ತಾವೆ. ಅಬರ್ ಎಂದರೆ ಹೊಳೆ ಕಡಲು ಸೇರುವ ಬಾಯಿ, ತಾವೆ ಆ ಹೊಳೆಯ ಹೆಸರು. ಪಾಂಟ್ ಎಂದು ಶುರುವಾದರೆ ಅಲ್ಲಿ ಸೇತುವೆ. ನಮ್ಮ ಅಡ್ಕ, ಬೈಲು, ಪದವುಗಳ ಹಾಗೆ ಅವರ ಊರ ಹೆಸರೂ ನೆಲದ ಗುರುತು ಹೇಳುತ್ತದೆ. ಮಂಜೇಶ್ವರವನ್ನು ಒಬ್ಬರು ಮಂಜೇಶ್ವರಂ ಎಂದರೂ ನಾವು ತಬ್ಬಿಬ್ಬಾಗುವುದಿಲ್ಲವಲ್ಲ, ಹಾಗೆಯೇ ಅಲ್ಲಿಯೂ ದಾರಿ ತಪ್ಪುವುದಿಲ್ಲ. ಫೋನಿನ ನಕ್ಷೆಯಲ್ಲಿ ಮಾತ್ರ ಊರಿನ ಹೆಸರಿಗಿಂತ ಪೋಸ್ಟ್‌ಕೋಡ್ ಹಾಕುವುದು ಒಳ್ಳೆಯದು. ಗುಡ್ಡದ ಕಡೆ ಸಿಗ್ನಲ್ ಸಿಗದ ಜಾಗಗಳಿವೆ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಈ ಬೋರ್ಡುಗಳು ಸುಮ್ಮನೆ ಬಂದದ್ದಲ್ಲ. 1960 ರ ದಶಕದ ಕೊನೆಗೆ ವೇಲ್ಸಿನ ಬೋರ್ಡುಗಳಲ್ಲಿ ಹೆಚ್ಚಾಗಿ ಇಂಗ್ಲಿಷ್ ಮಾತ್ರ ಇತ್ತು. ಭಾಷಾ ಸಂಘದ ಯುವಕರು ಅಂಥ ಬೋರ್ಡುಗಳಿಗೆ ಹಸಿರು ಬಣ್ಣ ಬಳಿದರು, ಕೋರ್ಟಿಗೆ ಹೋದರು, ಜೈಲಿಗೂ ಹೋದರು. 1972 ರಲ್ಲಿ ಸರಕಾರ ನೇಮಿಸಿದ ಬೋವೆನ್ ಸಮಿತಿ ಎರಡು ಭಾಷೆಯ ಬೋರ್ಡು ಬೇಕೆಂದು ಶಿಫಾರಸು ಮಾಡಿತು. 2016 ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಹೊಸ ಬೋರ್ಡುಗಳಲ್ಲಿ ವೇಲ್ಸಿನ ಭಾಷೆ ಮೊದಲು, ಇಂಗ್ಲಿಷ್ ಆಮೇಲೆ. 2021 ರ ಜನಗಣತಿಯಲ್ಲಿ ತಮಗೆ ಆ ಭಾಷೆ ಮಾತನಾಡಲು ಬರುತ್ತದೆ ಎಂದವರು ಸುಮಾರು 5 ಲಕ್ಷ 38 ಸಾವಿರ, ಅಂದರೆ ನೂರಕ್ಕೆ ಹದಿನೆಂಟೂ ಇಲ್ಲ. ಆದರೂ ಬೋರ್ಡು ಎಲ್ಲರಿಗೂ ಎರಡು ಭಾಷೆಯಲ್ಲಿದೆ. ಕಾರಿನಲ್ಲಿ ರೇಡಿಯೋ ಹಾಕಿದರೆ 1977 ರಿಂದ ನಡೆಯುತ್ತಿರುವ ಅವರ ಭಾಷೆಯ ರೇಡಿಯೋ ಕೇಂದ್ರವೂ ಸಿಗುತ್ತದೆ. ಅರ್ಥವಾಗದಿದ್ದರೂ ಸ್ವಲ್ಪ ಹೊತ್ತು ಕೇಳಿ. ಗಡಿಯಲ್ಲಿ ಕುಳಿತು ನಮ್ಮ ಭಾಷೆಯ ಕಾರ್ಯಕ್ರಮಕ್ಕೆ ಕಾಯುವ ನಮಗೆ ಆ ದನಿ ಪರಕೀಯ ಎನಿಸುವುದಿಲ್ಲ.

ಮುಖ್ಯ ರಸ್ತೆ ಬಿಟ್ಟು ಹಳ್ಳಿಯ ಕಡೆ ತಿರುಗಿದರೆ ಎರಡೂ ಬದಿ ಗಿಡದ ಬೇಲಿ ಇರುವ ಇಕ್ಕಟ್ಟಾದ ಓಣಿಗಳು ಸಿಗುತ್ತವೆ. ಒಂದೇ ಗಾಡಿ ಹಿಡಿಸುತ್ತದೆ. ಎದುರು ಟ್ರ್ಯಾಕ್ಟರ್ ಬಂದರೆ, ಅಗಲ ಜಾಗ ಯಾರಿಗೆ ಹತ್ತಿರವೋ ಅವರು ಹಿಂದೆ ಹೋಗುವುದು ಮರ್ಯಾದೆ. ನಮ್ಮ ತೋಟದ ದಾರಿಯಲ್ಲಿ ಜೀಪು ಓಡಿಸಿದವರಿಗೆ ಇದು ಹೊಸತಲ್ಲ. ದಾರಿ ಬಿಟ್ಟವರಿಗೆ ಕೈ ಎತ್ತಿ ತೋರಿಸಿ. ಕಲ್ಲಿನ ಗೋಡೆಗೆ ಕಾರು ಉಜ್ಜುವುದು ಇಂಥಲ್ಲೇ, ಮೊದಲು ಹೇಳಿದ ಎಕ್ಸೆಸ್ ಹಣ ನೆನಪಾಗುವುದೂ ಇಂಥಲ್ಲೇ. ಆದ್ದರಿಂದ ಕಾರು ಆರಿಸುವಾಗ ದೊಡ್ಡದು ಬೇಡ. ನಾಲ್ಕು ಜನರಿಗೆ ಸಣ್ಣ ಕಾರು ಸಾಕು, ಊರಿನಿಂದ ಒಯ್ಯುವ ಉಪ್ಪಿನಕಾಯಿ ಹಪ್ಪಳದ ಪೆಟ್ಟಿಗೆಯನ್ನು ಮಗಳ ಮನೆಯಲ್ಲೇ ಇಳಿಸಿ ಹೊರಡಿ.

ಇನ್ನೊಂದು ಗಡಿಯ ಮಾತು. ವೇಲ್ಸಿನ ಹೋಲಿಹೆಡ್ ಬಂದರಿನಿಂದ ಕಾರು ಸಮೇತ ಹಡಗಿನಲ್ಲಿ ಐರ್ಲೆಂಡ್ ದೇಶದ ಡಬ್ಲಿನ್‌ಗೆ ಹೋಗಬಹುದು. ಆದರೆ ಐರ್ಲೆಂಡ್ ಬೇರೆ ದೇಶ. ಬಾಡಿಗೆ ಕಂಪನಿಯ ಒಪ್ಪಿಗೆ ಲಿಖಿತವಾಗಿ ಬೇಕು, ನಮ್ಮ ಪಾಸ್‌ಪೋರ್ಟಿನವರಿಗೆ ಅಲ್ಲಿನ ವೀಸಾ ನಿಯಮವನ್ನೂ ನೋಡಿಕೊಳ್ಳಬೇಕು. ಕೇಳದೆ ದಾಟಬೇಡಿ.

ಕೊನೆಗೆ ಒಂದು ಚೀಟಿ ಮಾಡಿಕೊಳ್ಳಿ. ಲೈಸೆನ್ಸ್ ಮತ್ತು ಅದರ ಅವಧಿ. ಮುಖ್ಯ ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡು, ಅದರಲ್ಲಿ ಠೇವಣಿಗೆ ಸಾಲುವಷ್ಟು ಮಿತಿ. ಎಲ್ಲ ಸೇರಿದ ಬಾಡಿಗೆ ಎಷ್ಟು, ಎಕ್ಸೆಸ್ ಎಷ್ಟು, ವಿಮೆಯಲ್ಲಿ ಏನು ಸೇರಿಲ್ಲ. ಎಣ್ಣೆ ಎಷ್ಟು ತುಂಬಿಸಿ ಮರಳಿಸಬೇಕು, ಎಷ್ಟು ಗಂಟೆಗೆ ಮರಳಿಸಬೇಕು. ಕಾರು ಪಡೆದಾಗಿನ ಫೋಟೋ, ಮರಳಿಸಿದಾಗಿನ ಫೋಟೋ. ಈ ಚೀಟಿಯ ಒಂದೊಂದು ಸಾಲಿಗೂ ಉತ್ತರ ಸಿಕ್ಕಿದ ಮೇಲೆ ಸಹಿ ಹಾಕಿ. ಕೌಂಟರಿನ ಹುಡುಗಿ ಅವಸರ ಮಾಡಿದರೂ ನೀವು ಅವಸರ ಮಾಡಬೇಡಿ. ನಿಮ್ಮ ಹಿಂದೆ ಸಾಲು ಇದ್ದರೆ ಇರಲಿ. ಓದುವುದಕ್ಕೆ ಹತ್ತು ನಿಮಿಷ ಬೇಕು, ಮೋಸವಾಯಿತೆಂದು ಪತ್ರ ಬರೆಯುವುದಕ್ಕೆ ಆರು ತಿಂಗಳೂ ಸಾಲುವುದಿಲ್ಲ.

ಎರಡು ಭಾಷೆಯ ಬೋರ್ಡಿನ ಕೆಳಗೆ ಬಸ್ಸಿಗೆ ಕಾದು ಬೆಳೆದವರು ನಾವು. ಓದಿ ನೋಡುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಆ ಅಭ್ಯಾಸವನ್ನು ಜೊತೆಗೆ ಒಯ್ದರೆ ಪರದೇಶದ ದಾರಿಯಲ್ಲೂ ಕಷ್ಟವಿಲ್ಲ. ಹೋಗುವವರಿಗೆ ಶುಭವಾಗಲಿ, ಅರಾವ್ ಎಂದಲ್ಲಿ ನಿಧಾನವಾಗಿ ಹೋಗಿ, ಕ್ಷೇಮವಾಗಿ ಬನ್ನಿ.